ಚತುರ್ಥೀ ವಿಭಕ್ತಿಯ ಪ್ರಜೆ: 1958ರ ವಿಜ್ಞಾನ ನೀತಿ ನಿರ್ಣಯವನ್ನು ಕುರಿತು

ಸರ್ಕಾರವು ಹೊರಡಿಸಿದ ನಿರ್ಣಯಪತ್ರವೊಂದನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಎಷ್ಟರಮಟ್ಟಿಗೆ ಉಚಿತ ಎಂಬ ಶಂಕೆ ವಾಚಕರಲ್ಲಿ ಮೊದಲಿಗೇ ತಲೆದೋರಬಹುದು. ಆದರೆ ಕನ್ನಡದ ವಿದ್ಯಾರ್ಥಿಗಳಿಗೆ ಈ ಕೆಲಸ ಹೊಸದೇನೂ ಅಲ್ಲ. ನಮ್ಮ ನಾಡಿನ ಸಾವಿರಾರು ದತ್ತಿಶಾಸನಗಳು ಅಂದಂದಿನ ಪ್ರಭುತ್ವದ ನಿರ್ಣಯಗಳಲ್ಲದೆ ಮತ್ತೇನು? ದತ್ತಿಯನ್ನು ಕೊಟ್ಟವನು ಯಾರು, ಪಡೆದವರು ಯಾರು, ಕೊಟ್ಟದ್ದು ಎಷ್ಟು, ಅದರ ಎಲ್ಲೆ ಯಾವುದು, ಅದನ್ನು ನಡೆಸಿಕೊಂಡು ಹೋಗುವ ಹೊಣೆ ಯಾರದು—ಇಷ್ಟನ್ನೂ ಶಾಸನದ ವಾಕ್ಯರಚನೆಯಿಂದಲೇ ನಾವು ತಿಳಿದುಕೊಳ್ಳುತ್ತೇವೆ. ಪ್ರಶಸ್ತಿಭಾಗ ಎಷ್ಟೇ ಪ್ರೌಢವಾಗಿರಲಿ, ಬಲ್ಲ ಓದುಗನ ಕಣ್ಣು ದತ್ತಿಯ ವಿವರದ ಮೇಲೆ ನೆಟ್ಟಿರುತ್ತದೆ. ಅದೇ ಕಣ್ಣಿನಿಂದ, 1958ರ ಮಾರ್ಚ್ 4ರ ದಿನಾಂಕವನ್ನು ಹೊತ್ತ ಭಾರತ ಸರ್ಕಾರದ ವಿಜ್ಞಾನ ನೀತಿ ನಿರ್ಣಯವನ್ನು ಓದಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ನಿರ್ಣಯ ಬಹು ಚಿಕ್ಕದು. ಅಚ್ಚಿನ ಎರಡು ಮೂರು ಪುಟಗಳನ್ನು ಮೀರದು. ಪ್ರಧಾನಮಂತ್ರಿಗಳಾಗಿದ್ದ ಜವಾಹರಲಾಲ ನೆಹರೂ ಅವರು ಅದೇ ತಿಂಗಳಲ್ಲಿ ಅದನ್ನು ಲೋಕಸಭೆಯ ಮುಂದಿಟ್ಟರು. ಸ್ವತಂತ್ರ ಭಾರತದಲ್ಲಿ ವಿಜ್ಞಾನಕ್ಕೆ ಸರ್ಕಾರ ಕೊಟ್ಟ ಆಶ್ರಯದ ಮೂಲಶಾಸನ ಇದೇ. ಆಶ್ರಯ ಇದಕ್ಕೆ ಮೊದಲೂ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಮೈಸೂರು ಸಂಸ್ಥಾನ 371 ಎಕರೆ ನೆಲವನ್ನು ಕೊಟ್ಟಿತ್ತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿ 1942ರಷ್ಟು ಹಿಂದೆಯೇ ಹುಟ್ಟಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದ ಅರಮನೆ ಆಹಾರ ಸಂಶೋಧನಾಲಯವಾಗಿ ಮಾರ್ಪಟ್ಟಿತ್ತು. ಆದರೆ ಇವೆಲ್ಲ ಬಿಡಿಬಿಡಿಯಾದ ದಾನಗಳು. ವಿಜ್ಞಾನವನ್ನು ಬೆಳೆಸುವುದು ಪ್ರಭುತ್ವದ ಸಹಜವಾದ ಹೊಣೆ ಎಂಬ ಮಾತನ್ನು ಒಂದು ರಾಷ್ಟ್ರದ ಹೆಸರಿನಲ್ಲಿ, ಒಂದೇ ಉಸಿರಿನಲ್ಲಿ ಹೇಳಿದ್ದು ಈ ನಿರ್ಣಯ. ಅದರ ಗದ್ಯವೂ ಆ ಹೊಣೆಗೆ ತಕ್ಕಂತೆ ಗಂಭೀರವಾದುದು. ಸರ್ಕಾರದ ಕಾಗದಗಳಲ್ಲಿ ಇಂಥ ಗದ್ಯ ವಿರಳ. ಅದಾದ ಮೇಲೆ ಬಂದ ನೀತಿಪತ್ರಗಳನ್ನು ಓದಿದವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರಲಾರದು.

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರಗಳ ಹೊಂದಾಣಿಕೆ: ಆರಂಭದಲ್ಲಿ ಎತ್ತಿಕೊಂಡದ್ದು ಯಾವುದೋ ಅಂತ್ಯದಲ್ಲಿ ನಿಲ್ಲಿಸಿದ್ದು ಯಾವುದೋ ಅದೇ ಗ್ರಂಥದ ಹೃದಯ. ಈ ಲಿಂಗವನ್ನು ನಮ್ಮ ನಿರ್ಣಯಕ್ಕೆ ಹಚ್ಚಿ ನೋಡೋಣ. ಉಪಕ್ರಮದ ವಾಕ್ಯ ರಾಷ್ಟ್ರದ ಸಮೃದ್ಧಿಯ ಕೀಲಿಕೈ ಎಲ್ಲಿದೆ ಎಂದು ಕೇಳಿಕೊಂಡು, ತಂತ್ರವಿದ್ಯೆ, ಕಚ್ಚಾ ಸಾಮಗ್ರಿ, ಬಂಡವಾಳ ಎಂಬ ಮೂರನ್ನು ಹೆಸರಿಸಿ, ಅವುಗಳಲ್ಲಿ ಮೊದಲನೆಯದೇ ಬಹುಶಃ ಮುಖ್ಯವೆಂದು ಹೇಳುತ್ತದೆ. ಜನತೆಯ ಚೇತನವೆಂಬುದು ಆ ವಾಕ್ಯದಲ್ಲಿ ಇದೆ, ಆದರೆ ಎಣಿಕೆಯ ಹೊರಗೆ. 'ಅದೊಂದನ್ನು ಬಿಟ್ಟರೆ' ಎಂಬರ್ಥದ ಒಂದು ಅಡಕವಾಕ್ಯದಲ್ಲಿ. ಇದನ್ನು ಎರಡು ಬಗೆಯಾಗಿ ಅರ್ಥೈಸಬಹುದು. ಚೇತನ ಎಲ್ಲಕ್ಕೂ ಮಿಗಿಲಾದುದರಿಂದ ಅದನ್ನು ಲೆಕ್ಕಕ್ಕೆ ತರುವುದೇ ಸಲ್ಲದು ಎಂಬುದು ಒಂದು. ಚೇತನಕ್ಕೆ ನಮಸ್ಕಾರ ಹಾಕಿ ಮುಂದಿನ ಕೆಲಸ ನೋಡೋಣ ಎಂಬುದು ಇನ್ನೊಂದು. ನೆಹರೂ ಅವರ ಮನೋಧರ್ಮವನ್ನು ಬಲ್ಲವರು ಮೊದಲನೆಯದನ್ನೇ ಹಿಡಿಯಬಯಸುವರು. ಆದರೆ ಗ್ರಂಥದ ಮುಂದಿನ ನಡೆ ಎರಡನೆಯದಕ್ಕೇ ಬಲ ಕೊಡುತ್ತದೆ. ಉಪಸಂಹಾರದ ಮಾತು ಹೀಗಿದೆ: ವೈಜ್ಞಾನಿಕ ಜ್ಞಾನದ ಸಂಪಾದನೆಯಿಂದಲೂ ಪ್ರಯೋಗದಿಂದಲೂ ಒದಗಬಹುದಾದ ಸಕಲ ಪ್ರಯೋಜನಗಳನ್ನು ದೇಶದ ಜನರಿಗೆ ದೊರಕಿಸಿಕೊಡುವುದು. ಆರಂಭದಲ್ಲಿ ಸಮೃದ್ಧಿ, ಅಂತ್ಯದಲ್ಲಿ ಪ್ರಯೋಜನ. ಎರಡೂ ಒಂದೇ ದಾರದ ಎರಡು ತುದಿಗಳು. ಹೊಂದಾಣಿಕೆಯಲ್ಲಿ ದೋಷವಿಲ್ಲ.

ನಡುವೆ ಇರುವುದೇನು? ನಿರ್ಣಯದ ನಡುಭಾಗದಲ್ಲಿ ಬಹು ಉದಾತ್ತವಾದ ಒಂದು ಭಾಗವಿದೆ. ವಿಜ್ಞಾನ ಮನುಷ್ಯನ ಹೊರಗಿನ ಪರಿಸರವನ್ನು ಮಾರ್ಪಡಿಸಿದ್ದಷ್ಟೇ ಅಲ್ಲ, ಅದಕ್ಕಿಂತ ಆಳವಾದ ಅರ್ಥದಲ್ಲಿ ಆಲೋಚನೆಗೆ ಹೊಸ ಉಪಕರಣಗಳನ್ನು ಕೊಟ್ಟಿದೆ, ಮನಸ್ಸಿನ ದಿಗಂತವನ್ನು ಹಿಗ್ಗಿಸಿದೆ, ಬಾಳಿನ ಮೂಲ ಮೌಲ್ಯಗಳನ್ನೇ ತಟ್ಟಿದೆ ಎಂಬ ಅಭಿಪ್ರಾಯದ ವಾಕ್ಯಗಳು ಅಲ್ಲಿ ಬರುತ್ತವೆ. ಇಡೀ ಪತ್ರದಲ್ಲಿ ಸಾಹಿತ್ಯದ ಓದುಗನ ಮನಸ್ಸನ್ನು ಸೆಳೆಯುವ ತಾಣ ಅದು. ಆದರೆ ಇಲ್ಲಿ ಮೀಮಾಂಸಕರ ಇನ್ನೊಂದು ವಿವೇಚನೆಯನ್ನು ನೆನೆಯಬೇಕು. ಅವರು ವೇದವಾಕ್ಯಗಳಲ್ಲಿ ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸುತ್ತಾರೆ. 'ಮಾಡತಕ್ಕದ್ದು' ಎಂದು ಕಟ್ಟುಮಾಡುವುದು ವಿಧಿ. ಅದನ್ನು ಹೊಗಳಿ ರುಚಿ ಹುಟ್ಟಿಸುವುದು ಅರ್ಥವಾದ. ಅರ್ಥವಾದ ಎಷ್ಟೇ ಸುಂದರವಾಗಿದ್ದರೂ ವಿಧಿಯನ್ನು ಸೇರದೆ ತಾನಾಗಿ ಯಾರನ್ನೂ ಯಾವ ಕೆಲಸಕ್ಕೂ ತೊಡಗಿಸಲಾರದು. ಮನಸ್ಸಿನ ದಿಗಂತವನ್ನು ಕುರಿತ ಈ ಭಾಗ ಅರ್ಥವಾದ. ಅದಕ್ಕೆ ಎದುರಾಗಿ ನಿಲ್ಲಬೇಕಾದ ವಿಧಿಯನ್ನು ನಿರ್ಣಯದ ಕೊನೆಯಲ್ಲಿರುವ ಆರು ಉದ್ದೇಶಗಳಲ್ಲಿ ಹುಡುಕಬೇಕು.

ಆ ಆರರಲ್ಲಿ ಮೊದಲನೆಯದು, ಶುದ್ಧ, ಅನ್ವಿತ, ಶೈಕ್ಷಣಿಕ ಎಂಬ ಎಲ್ಲ ಮುಖಗಳಲ್ಲಿಯೂ ವಿಜ್ಞಾನವನ್ನೂ ಸಂಶೋಧನೆಯನ್ನೂ ಪೋಷಿಸುವುದು. ಎರಡನೆಯದು, ಉತ್ತಮ ದರ್ಜೆಯ ಸಂಶೋಧಕರು ದೇಶದಲ್ಲಿಯೇ ಸಾಕಷ್ಟು ದೊರೆಯುವಂತೆ ಮಾಡಿ ಅವರ ಕೆಲಸವನ್ನು ರಾಷ್ಟ್ರಬಲದ ಅಂಗವೆಂದು ಮನ್ನಿಸುವುದು. ಮೂರನೆಯದು, ಆದಷ್ಟು ಬೇಗ ವೈಜ್ಞಾನಿಕ ಮತ್ತು ತಾಂತ್ರಿಕ ಸಿಬ್ಬಂದಿಯನ್ನು ತರಬೇತುಗೊಳಿಸುವುದು. ನಾಲ್ಕನೆಯದು, ಸ್ತ್ರೀಪುರುಷರ ಸೃಜನಶಕ್ತಿಗೆ ವಿಜ್ಞಾನಕಾರ್ಯದಲ್ಲಿ ಪೂರ್ಣ ಅವಕಾಶ ಕಲ್ಪಿಸುವುದು. ಆರನೆಯದನ್ನು ಆಗಲೇ ಹೇಳಿದೆ. ಐದನೆಯದರ ಎದುರು ಓದುಗ ಸ್ವಲ್ಪ ಹೊತ್ತು ನಿಲ್ಲಬೇಕು. ಜ್ಞಾನದ ಸಂಪಾದನೆಗೂ ಪ್ರಸಾರಕ್ಕೂ ಹೊಸ ಜ್ಞಾನದ ಶೋಧನೆಗೂ, ವಿದ್ಯಾಸ್ವಾತಂತ್ರ್ಯದ ವಾತಾವರಣದಲ್ಲಿ, ವ್ಯಕ್ತಿಗಳ ಸ್ವಂತ ಉದ್ಯಮವನ್ನು ಪ್ರೋತ್ಸಾಹಿಸುವುದು ಎಂಬುದು ಅದರ ಭಾವ. ಇಡೀ ನಿರ್ಣಯದ ವಿಧಿಭಾಗದಲ್ಲಿ ಪ್ರಸಾರ ಎಂಬ ಮಾತು ಬರುವುದು ಇಲ್ಲಿ ಮಾತ್ರ. ಪೋಷಿಸುವ, ತರಬೇತು ಕೊಡುವ, ಪ್ರಯೋಜನವನ್ನು ದೊರಕಿಸಿಕೊಡುವ ಕ್ರಿಯೆಗಳಿಗೆಲ್ಲ ಸರ್ಕಾರವೇ ಕರ್ತೃ. ಪ್ರಸಾರವೆಂಬ ಕ್ರಿಯೆಗೆ ಮಾತ್ರ ವ್ಯಕ್ತಿ ಕರ್ತೃ, ಸರ್ಕಾರ ಪ್ರೋತ್ಸಾಹಕ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳಿಗೆ ಅನುವಾದದ ಅಭ್ಯಾಸಕ್ಕಾಗಿ ಈ ನಿರ್ಣಯವನ್ನು ಕೊಟ್ಟಿದ್ದಾಗ ಇಂಗ್ಲಿಷಿನ 'ಡಿಸ್ಸೆಮಿನೇಷನ್' ಎಂಬ ಪದದ ಬಳಿ ತಡೆಯುಂಟಾಯಿತು. ಎಲ್ಲರೂ 'ಪ್ರಸಾರ' ಎಂದೇ ಬರೆದಿದ್ದರು; ರೈತರ ಮನೆಯಿಂದ ಬಂದ ಒಬ್ಬಾಕೆ ಮಾತ್ರ ನಿಘಂಟಿನಲ್ಲಿ ಪದದ ಮೂಲವನ್ನು ನೋಡಿ 'ಬಿತ್ತನೆ' ಎಂದು ಬರೆದಿದ್ದಳು. ಆ ಪದದ ಗರ್ಭದಲ್ಲಿರುವ ಲ್ಯಾಟಿನ್ ಧಾತುವಿಗೆ ಬೀಜವೆಂದೇ ಅರ್ಥ. ತರಗತಿ ನಕ್ಕಿತು, ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ಆ ಅನುವಾದ ಮನಸ್ಸಿನಲ್ಲಿ ಉಳಿಯಿತು. ಬಿತ್ತನೆಯನ್ನು ಐದನೆಯ ಉದ್ದೇಶ ವ್ಯಕ್ತಿಯ ಪಾಲಿಗೆ ಬಿಟ್ಟಿತು, ಫಲವನ್ನು ಹಂಚುವುದನ್ನು ಆರನೆಯ ಉದ್ದೇಶ ಸರ್ಕಾರದ ಪಾಲಿಗೆ ಇಟ್ಟುಕೊಂಡಿತು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಇನ್ನು ಜನ ಎಲ್ಲೆಲ್ಲಿ ಬರುತ್ತಾರೆ ಎಂಬುದನ್ನು ನೋಡೋಣ. ವಿಜ್ಞಾನದಲ್ಲಿ ಮುಂದುವರಿದ ದೇಶಗಳಲ್ಲಿ ಸಾಮಾನ್ಯ ಮನುಷ್ಯನಿಗೆ, ಹಿಂದೆ ಕೆಲವೇ ಮಂದಿಗೆ ಮೀಸಲಾಗಿದ್ದ ಬಾಳಿನ ಮಟ್ಟ ದೊರೆತಿದೆ ಎಂದು ಒಂದು ಕಡೆ. ಸಮಾಜದ ಪ್ರತಿಯೊಬ್ಬನಿಗೂ ತಕ್ಕಮಟ್ಟಿನ ಸೌಕರ್ಯಗಳನ್ನು ಒದಗಿಸಲು ವೈಜ್ಞಾನಿಕ ವಿಧಾನವೊಂದೇ ದಾರಿ ಎಂದು ಮತ್ತೊಂದು ಕಡೆ. ದೇಶದ ಜನರಿಗೆ ಪ್ರಯೋಜನ ಎಂದು ಕೊನೆಗೆ. ಇಂಗ್ಲಿಷಿನಲ್ಲಿ ವಿಭಕ್ತಿಪ್ರತ್ಯಯಗಳಿಲ್ಲವಾದುದರಿಂದ ಇದು ಕಣ್ಣಿಗೆ ಬೀಳದೆ ಹೋಗಬಹುದು. ಕನ್ನಡಿಸಿದೊಡನೆ ಸ್ಪಷ್ಟವಾಗುತ್ತದೆ: ಮನುಷ್ಯನಿಗೆ, ಪ್ರತಿಯೊಬ್ಬನಿಗೆ, ಜನರಿಗೆ. ಎಲ್ಲವೂ ಚತುರ್ಥೀ ವಿಭಕ್ತಿ. ವ್ಯಾಕರಣಕಾರರು ಚತುರ್ಥಿಯ ಮುಖ್ಯಾರ್ಥವನ್ನು ಸಂಪ್ರದಾನವೆನ್ನುತ್ತಾರೆ. ದಾನವನ್ನು ಪಡೆಯುವವನೇ ಸಂಪ್ರದಾನ. ಒಮ್ಮೆ ಜನ ಚತುರ್ಥಿಯಿಂದ ಹೊರಬರುವುದುಂಟು. ಆಗಲೂ ಕೈಗಾರಿಕೀಕರಣಕ್ಕೆ ಬೇಕಾದ 'ಮಾನವ ಸಾಮಗ್ರಿ'ಯಾಗಿ, ಅಂದರೆ ಕರಣವಾಗಿ. ವಿಜ್ಞಾನಿಗಳ ವಿಷಯ ಹಾಗಲ್ಲ. ಅವರಿಗೆ ಒಳ್ಳೆಯ ಸೇವಾನಿಯಮಗಳನ್ನೂ ಗೌರವದ ಸ್ಥಾನವನ್ನೂ ಕೊಡುವುದಾಗಿ ಹೇಳಿದ ನಿರ್ಣಯ, ನೀತಿಯನ್ನು ರೂಪಿಸುವ ಕಾರ್ಯದಲ್ಲಿ ಅವರನ್ನು ಜೊತೆಗೂಡಿಸಿಕೊಳ್ಳುವುದಾಗಿಯೂ ಹೇಳುತ್ತದೆ. ಒಂದೇ ಪತ್ರದಲ್ಲಿ ವಿಜ್ಞಾನಿ ಸಹಕರ್ತೃ, ಪ್ರಜೆ ಸಂಪ್ರದಾನ.

ಇದು ಪದಗಳ ಕೂದಲು ಸೀಳುವ ಕೆಲಸವೆಂದು ಆಕ್ಷೇಪಿಸುವವರಿಗೆ ಒಂದು ಉದಾಹರಣೆ ಸಾಕು. ಎಮ್ಮೆಯ ಹಾಲು ಹಸುಳೆಯ ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಅದು ಶಿಶುವಿಗೆ ತಕ್ಕ ಆಹಾರವಲ್ಲವೆಂಬ ಭಾವನೆ ಬಹುಕಾಲ ಇತ್ತು. ಮೈಸೂರಿನ ಆಹಾರ ಸಂಶೋಧನಾಲಯದವರು 1950ರ ದಶಕದಲ್ಲಿ ಈ ತೊಡಕನ್ನು ಬಿಡಿಸಿ ಎಮ್ಮೆಯ ಹಾಲಿನಿಂದಲೇ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಗುಜರಾತಿನ ಆನಂದದ ಹಾಲು ಸಹಕಾರ ಸಂಘ ಅದನ್ನು ಡಬ್ಬಿಗೆ ತುಂಬಿ ದೇಶಕ್ಕೆಲ್ಲ ಹಂಚಿತು. ಸರ್ಕಾರದ ಹಣ ಇದಕ್ಕಿಂತ ಸಾರ್ಥಕವಾಗಿ ವಿನಿಯೋಗವಾದ ಸಂದರ್ಭಗಳು ಹೆಚ್ಚಿಲ್ಲ. ನಿರ್ಣಯದ ಅಳತೆಗೋಲಿನಿಂದ ಅಳೆದರೆ ಡಬ್ಬಿ ತಾಯಿಯ ಕೈ ಸೇರಿದಾಗ ಕೆಲಸ ಮುಗಿಯಿತು. ಎಮ್ಮೆಯ ಹಾಲಿಗೂ ತನ್ನ ಹಾಲಿಗೂ ಇರುವ ವ್ಯತ್ಯಾಸವೇನು, ಡಬ್ಬಿ ಯಾವಾಗ ಬೇಕು ಯಾವಾಗ ಬೇಡ ಎಂಬುದನ್ನು ಆ ತಾಯಿ ತಿಳಿಯಬೇಕಾದುದು ಆ ಅಳತೆಗೋಲಿನಲ್ಲಿ ಗುರುತೇ ಇಲ್ಲದ ಕೆಲಸ. ಯಾರಾದರೂ ಅದನ್ನು ಮಾಡಿದರೆ ಸಂತೋಷ.

ಯಾರಾದರೂ ಮಾಡಿದರೆ ಎಂಬ ಈ ಮಾತಿನ ಚರಿತ್ರೆಯನ್ನು ಕನ್ನಡ ಚೆನ್ನಾಗಿ ಬಲ್ಲದು. ಶಾಸ್ತ್ರವಿಷಯವನ್ನು ದೇಶಭಾಷೆಯಲ್ಲಿ ಬರೆಯುವುದು ಒಂದು ಕಾಲಕ್ಕೆ ಆಸ್ಥಾನದ ಆಶ್ರಯದೊಳಗೇ ಸೇರಿದ ಕಾರ್ಯವಾಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ, ಎರಡನೆಯ ಚಾವುಂಡರಾಯ ಬಾವಿ ತೋಡುವ ನೆಲದಿಂದ ಅಡುಗೆಯವರೆಗೆ ನಾನಾ ವಿಷಯಗಳನ್ನು ಸಂಗ್ರಹಿಸಿ ಕನ್ನಡದಲ್ಲಿ ಬರೆದು ಆ ಗ್ರಂಥಕ್ಕೆ 'ಲೋಕೋಪಕಾರ' ಎಂದೇ ಹೆಸರಿಟ್ಟನು. ಮುಂದೆ ರಾಜಾದಿತ್ಯ ಗಣಿತವನ್ನು ಕನ್ನಡಕ್ಕೆ ತಂದನು. ಇವುಗಳ ವಿಜ್ಞಾನ ಇಂದಿನ ವಿಜ್ಞಾನವಲ್ಲ. ಹಳೆಯದನ್ನು ಕಂಡಲ್ಲೆಲ್ಲ ಹಿಗ್ಗುವುದು ವಿಮರ್ಶಕನಿಗೆ ಶೋಭಿಸದು. ಆದರೆ ಲೋಕಕ್ಕೆ ಉಪಕಾರವಾಗುವ ವಿದ್ಯೆ ಲೋಕದ ಭಾಷೆಯಲ್ಲಿರಬೇಕು ಎಂಬ ವಿವೇಕ ಆ ಹೆಸರಿನಲ್ಲೇ ಇದೆ. 1958ರ ನಿರ್ಣಯದಲ್ಲಿ ಭಾಷೆಯ ಪ್ರಸ್ತಾಪವೇ ಇಲ್ಲ. 1951ರ ಜನಗಣತಿಯ ಪ್ರಕಾರ ನೂರಕ್ಕೆ 18ರಷ್ಟು ಮಂದಿ ಮಾತ್ರ ಅಕ್ಷರಸ್ಥರಾಗಿದ್ದ ದೇಶದಲ್ಲಿ, ಆ ಅಕ್ಷರಸ್ಥರಲ್ಲಿಯೂ ಇಂಗ್ಲಿಷ್ ಬಲ್ಲವರು ಅತ್ಯಲ್ಪರಾಗಿದ್ದ ಕಾಲದಲ್ಲಿ, ಜ್ಞಾನದ ಪ್ರಸಾರವನ್ನು ಹೇಳಿ ಭಾಷೆಯನ್ನು ಹೇಳದಿರುವುದು ಬೀಜವನ್ನು ಹೇಳಿ ನೆಲವನ್ನು ಮರೆತಂತೆ.

ಆಧುನಿಕ ಕಾಲದಲ್ಲಿ ಆ ನೆಲವನ್ನು ಹದಮಾಡಿದವರು ಬಿಡಿ ವ್ಯಕ್ತಿಗಳು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಮುಂದೆ ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಪತ್ರಿಕೆ ಸುಮಾರು ಎರಡು ವರ್ಷ ನಡೆದು ನಿಂತಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಆಗಿನ್ನೂ ಎರಡೇ ವರ್ಷ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಮೂರು ವರ್ಷ. ಸಂಸ್ಥೆಗಳು ಹುಟ್ಟುತ್ತಿದ್ದ ಆ ಉತ್ಸಾಹದ ನಡುವೆಯೂ ಒಂದು ವಿಜ್ಞಾನಪತ್ರಿಕೆಯನ್ನು ಹಿಡಿದು ನಿಲ್ಲಿಸುವ ಆಸರೆ ದೊರೆಯಲಿಲ್ಲ.

ಅನಂತರದ ದೊಡ್ಡ ಹೆಸರು ಶಿವರಾಮ ಕಾರಂತರದು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ', ನಿರ್ಣಯ ಹೊರಟ ಮರುವರ್ಷದಿಂದ ವಯಸ್ಕರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಪುತ್ತೂರಿನಲ್ಲಿ ಕುಳಿತು, ಪ್ರಯೋಗಶಾಲೆಯಿಲ್ಲದೆ, ಸಂಪಾದಕ ಮಂಡಲಿಯಿಲ್ಲದೆ, ಒಬ್ಬರೇ ಒಂದು ವಿಶ್ವಕೋಶವನ್ನು ಬರೆಯುವುದು ಐದನೆಯ ಉದ್ದೇಶ ಹೇಳುವ ವ್ಯಕ್ತಿ ಉದ್ಯಮಕ್ಕೆ ಅತ್ಯುತ್ತಮವಾದ ನಿದರ್ಶನ. ಅದರ ಮಿತಿಗೂ ಅದೇ ನಿದರ್ಶನ. ಒಬ್ಬನ ಓದು ಎಷ್ಟೇ ವಿಶಾಲವಾಗಿರಲಿ, ಖಗೋಳದಿಂದ ಕೀಟದವರೆಗೆ ಎಲ್ಲವನ್ನೂ ಒಂದೇ ಕೈ ಬರೆದಾಗ ಕೆಲವೆಡೆ ತೆಳುವಾಗುವುದೂ, ಶಾಸ್ತ್ರ ಮುಂದುವರಿದಂತೆ ತಿದ್ದುವವರಿಲ್ಲದೆ ಹಳತಾಗುವುದೂ ಅನಿವಾರ್ಯ. ಇದು ಕಾರಂತರ ದೋಷವಲ್ಲ. ಒಂದು ಸಂಸ್ಥೆ ಮಾಡಬೇಕಾದುದನ್ನು ಒಬ್ಬ ಮನುಷ್ಯ ಮಾಡಿದ್ದರ ಪರಿಣಾಮ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದಾಗ ಸಂಸ್ಥೆಯಿಂದ ಏನಾಗಬಹುದೆಂಬುದು ತಿಳಿಯಿತು. ವಿಜ್ಞಾನದ ಲೇಖನಗಳನ್ನು ಆಯಾ ಶಾಸ್ತ್ರಜ್ಞರೇ ಬರೆದರು, ಪರಿಭಾಷೆ ನೆಲೆಗೊಂಡಿತು. ಆದರೆ ಕೋಶವನ್ನು ಬೇಕಾದಾಗ ತೆಗೆದು ನೋಡುತ್ತೇವೆ; ಕುಳಿತು ಓದುವುದಿಲ್ಲ.

ಓದಿಸಿಕೊಂಡ ಗ್ರಂಥ ಬೇರೆ ಕಡೆಯಿಂದ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕಲಿಸುತ್ತಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ತಾವೇ ಬರೆದ ಚಿತ್ರಗಳೊಡನೆ 'ಹಸುರು ಹೊನ್ನು' ಎಂಬ ಹೆಸರಿನಲ್ಲಿ 1976ರಲ್ಲಿ ಕೊಟ್ಟರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿಜ್ಞಾನಗ್ರಂಥವೊಂದಕ್ಕೆ ಸರ್ಕಾರೀ ಮನ್ನಣೆ ದೊರೆತದ್ದು ವಿಜ್ಞಾನಕ್ಕಾಗಿ ಇರುವ ಯಾವ ಇಲಾಖೆಯಿಂದಲೂ ಅಲ್ಲ, ಸಾಹಿತ್ಯದ ಅಕಾಡೆಮಿಯಿಂದ ಎಂಬುದನ್ನು ಗಮನಿಸಬೇಕು. ನಮ್ಮ ಕನ್ನಡ ವಿಭಾಗಗಳೂ ಇಲ್ಲಿ ಬೀಗುವಂತಿಲ್ಲ. ಸ್ವಾಮಿಯವರನ್ನು ಹಾಸ್ಯಕ್ಕಾಗಿ ಪಾಠಕ್ಕಿಡುತ್ತೇವೆ; ಸಸ್ಯದ ಅಂಗರಚನೆಯನ್ನು ಕನ್ನಡ ಗದ್ಯದಲ್ಲಿ ಕಣ್ಣಿಗೆ ಕಟ್ಟಿಸಿದ ಅವರ ಸಾಮರ್ಥ್ಯವನ್ನು ಶೈಲಿಯ ಪ್ರಶ್ನೆಯಾಗಿ ಎತ್ತಿಕೊಂಡ ಸಂಶೋಧನ ಪ್ರಬಂಧಗಳನ್ನು ಬೆರಳಲ್ಲಿ ಎಣಿಸಬಹುದು.

ಸರ್ಕಾರ ಏನನ್ನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಭಟ್ನಾಗರರ ಪ್ರೇರಣೆಯಿಂದ 1953ರಲ್ಲಿ ದೆಹಲಿಯ ಬಳಿಯ ಕಾಪಶೇರಾ ಗ್ರಾಮದಲ್ಲಿ ಮೊದಲ ವಿಜ್ಞಾನ ಮಂದಿರ ತೆರೆಯಿತು. ಹಳ್ಳಿಯಲ್ಲಿ ಒಂದು ಸಣ್ಣ ಪ್ರಯೋಗಶಾಲೆ, ಮಣ್ಣು ನೀರುಗಳ ಪರೀಕ್ಷೆ, ಹಳ್ಳಿಗರೊಡನೆ ಮಾತುಕತೆ. ಅಂಥ ಮಂದಿರಗಳು ಬೇರೆ ಬೇರೆ ಕಡೆಗಳಲ್ಲಿ ಎದ್ದುವು. ನಿರ್ಣಯವನ್ನು ಬರೆಯುವ ಹೊತ್ತಿಗೆ ಈ ಪ್ರಯೋಗ ನಡೆಯುತ್ತಲೇ ಇತ್ತು. ಆದರೆ ನಿರ್ಣಯದಲ್ಲಿ ಅದರ ನೆರಳೂ ಇಲ್ಲ. ಕೆಲವು ವರ್ಷಗಳಲ್ಲಿ ಮಂದಿರಗಳು ರಾಜ್ಯಗಳ ಪಾಲಿಗೆ ಹೋಗಿ ಮೆಲ್ಲನೆ ಮರೆಯಾದುವು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1965ರಲ್ಲಿ ಸಾರ್ವಜನಿಕರಿಗೆ ತೆರೆದು ಇಂದಿಗೂ ಶಾಲೆಯ ಮಕ್ಕಳಿಂದ ತುಂಬಿರುತ್ತದೆ. 1978ರಲ್ಲಿ ಕನ್ನಡದಲ್ಲಿ 'ಬಾಲವಿಜ್ಞಾನ' ಮಾಸಪತ್ರಿಕೆ ಆರಂಭವಾಯಿತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು, ಜೆ. ಆರ್. ಲಕ್ಷ್ಮಣರಾಯರಂಥವರು ಅವುಗಳಿಗೆ ಜೀವ ತೇದರು.

ನೀತಿಪತ್ರಗಳ ಭಾಷೆಯೂ ಬದಲಾಯಿತು. ನೆಹರೂ ಅವರಿಗೆ ಪ್ರಿಯವಾಗಿದ್ದ 'ವೈಜ್ಞಾನಿಕ ಮನೋಭಾವ' ಎಂಬ ಮಾತು, ವಿಚಿತ್ರವೆಂದರೆ, 1958ರ ನಿರ್ಣಯದಲ್ಲಿ ಬರುವುದಿಲ್ಲ. ಅದು 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನವನ್ನು ಸೇರಿತು—ಸರ್ಕಾರದ ಕರ್ತವ್ಯವಾಗಿ ಅಲ್ಲ, ನಾಗರಿಕನ ಮೂಲಭೂತ ಕರ್ತವ್ಯವಾಗಿ. ಪ್ರಸಾರ ವ್ಯಕ್ತಿಯ ಹೊಣೆ, ಮನೋಭಾವ ಪ್ರಜೆಯ ಹೊಣೆ ಎಂಬಲ್ಲಿಗೆ ಲೆಕ್ಕ ಸರಿಹೋಯಿತು. 2003ರ ನೀತಿಯಲ್ಲಿ ವಿಜ್ಞಾನದ ಸಂದೇಶ ದೇಶದ ಪ್ರತಿಯೊಬ್ಬನನ್ನೂ ಮುಟ್ಟಬೇಕೆಂಬುದು ಮೊಟ್ಟಮೊದಲ ಉದ್ದೇಶವಾಯಿತು. ದೇಶದ ಭಾಷೆಗಳ ಮೂಲಕ ವಿಜ್ಞಾನವನ್ನು ಕಲಿಸುವ, ಹರಡುವ ಮಾತೂ ಬಂದಿತು. ವಿಧಿವಾಕ್ಯವೇನೋ ದೊರೆಯಿತು. ವಿಧಿಯನ್ನು ನಡೆಸುವವರ ಗತಿ ಏನಾಯಿತು? ವಿಜ್ಞಾನ ಪ್ರಸಾರಕ್ಕೆಂದೇ 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದ 'ವಿಜ್ಞಾನ ಪ್ರಸಾರ್' ಎಂಬ ಸಂಸ್ಥೆಯನ್ನು 2023ರಲ್ಲಿ ಮುಚ್ಚಲಾಯಿತು. ಅದೇ ವರ್ಷ ಸಂಶೋಧನೆಗೆ ಹಣವೊದಗಿಸುವ ರಾಷ್ಟ್ರೀಯ ಪ್ರತಿಷ್ಠಾನವೊಂದನ್ನು ಶಾಸನದ ಮೂಲಕ ಸ್ಥಾಪಿಸಿ, ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಅಂದಾಜನ್ನು ಪ್ರಕಟಿಸಲಾಯಿತು. ಆ ಮೊತ್ತದ ಬಹುಭಾಗ ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. ಮೊತ್ತದ ಬಗ್ಗೆ ಅರ್ಥಶಾಸ್ತ್ರಜ್ಞರು ಚರ್ಚಿಸಲಿ. ಒಂದೇ ವರ್ಷದಲ್ಲಿ ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚಿದ ಈ ಸಂಗತಿಯಲ್ಲಿ 1958ರ ವಾಕ್ಯರಚನೆ ಇನ್ನೂ ಆಳುತ್ತಿದೆ ಎಂಬುದಷ್ಟೇ ನನ್ನ ಮಾತು.

ಪ್ರಜೆಯನ್ನು ಚತುರ್ಥಿಯಿಂದ ಪ್ರಥಮೆಗೆ ತಂದರೆ ವಿಜ್ಞಾನದ ಚಿತ್ರ ಹೇಗೆ ಕಾಣುತ್ತದೆ? ಇದಕ್ಕೆ ಉತ್ತರವನ್ನು ನೀತಿಪತ್ರಗಳಲ್ಲಲ್ಲ, ಒಂದು ಕಾದಂಬರಿಯಲ್ಲಿ ಹುಡುಕಬೇಕಾಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ಕರ್ವಾಲೊ ಒಬ್ಬ ವಿಜ್ಞಾನಿ. ಮೂಡಿಗೆರೆಯ ಕಡೆಯ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡುವವರು. ಅಂದರೆ 1958ರ ನಿರ್ಣಯ ಯಾರಿಗೆ ಗೌರವಸ್ಥಾನವನ್ನು ವಾಗ್ದಾನ ಮಾಡಿತ್ತೋ ಆ ವರ್ಗದವರು. ಮಂದಣ್ಣ ಊರವರ ದೃಷ್ಟಿಯಲ್ಲಿ ಯಾತಕ್ಕೂ ಬಾರದ ಹುಡುಗ. ನಿರ್ಣಯದ ಕ್ರಮದಲ್ಲಿ ಜ್ಞಾನ ಕರ್ವಾಲೊರಿಂದ ಹೊರಟು ಮಂದಣ್ಣನಿಗೆ ತಲುಪಬೇಕು. ಕಾದಂಬರಿಯಲ್ಲಿ ನಡೆಯುವುದು ಇದರ ತಿರುಗುಮುರುಗು. ಹಾರುವ ಓತಿಯನ್ನು ಕಂಡವನು ಮಂದಣ್ಣ. ಕಂಡದ್ದನ್ನು ಕಂಡಂತೆ ಹೇಳಬಲ್ಲವನೂ ಅವನೇ. ಕರ್ವಾಲೊರ ಹಿರಿಮೆ ಇರುವುದು ಆ ಕಣ್ಣನ್ನು ಗುರುತಿಸಿದ್ದರಲ್ಲಿ. ಇಷ್ಟು ದೊಡ್ಡ ವಿಜ್ಞಾನಿಗೆ ಈ ಹುಡುಗನಿಂದ ಆಗಬೇಕಾದುದೇನು ಎಂದು ನಿರೂಪಕನೂ ಮೊದಲಲ್ಲಿ ಬೆರಗಾಗುತ್ತಾನೆ. ಆ ಬೆರಗಿನಲ್ಲಿ ನಮ್ಮೆಲ್ಲರ ಪೂರ್ವಗ್ರಹವೂ ಅಡಗಿದೆ. ತೇಜಸ್ವಿಯವರು ಇದನ್ನು ಎಲ್ಲಿಯೂ ತತ್ತ್ವವಾಗಿ ಸಾರುವುದಿಲ್ಲ. ಜೇನು, ನಾಯಿ, ಬಿರಿಯಾನಿ ಕರಿಯಪ್ಪ, ಮಂದಣ್ಣನ ಮದುವೆ, ಅವನ ಮೇಲಿನ ಮೊಕದ್ದಮೆ ಇವುಗಳ ನಡುವೆ ವಿಜ್ಞಾನ ಒಂದು ದಿನಚರಿಯಂತೆ ಬರುತ್ತದೆ. ಕೊನೆಯಲ್ಲಿ ಓತಿ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ದೊರಕಿಸಿಕೊಡುವ ಪ್ರಯೋಜನವೇನೂ ಉಳಿಯುವುದಿಲ್ಲ. ಆದರೂ ಕಾದಂಬರಿಯನ್ನು ಓದಿ ಮುಗಿಸಿದವನ ಮನಸ್ಸಿನ ದಿಗಂತ ಹಿಗ್ಗಿರುತ್ತದೆ. ನಿರ್ಣಯದ ಅರ್ಥವಾದಭಾಗ ಹೊಗಳಿದ ಫಲ ಇದೇ.

ಪ್ರಜೆ ಕರ್ತೃವಾಗುವುದು ಪ್ರಭುತ್ವಕ್ಕೆ ಯಾವಾಗಲೂ ಹಿತವಾಗಲಾರದು ಎಂಬುದನ್ನೂ ಹೇಳಬೇಕು. ಪಡೆಯುವವನು ಪ್ರಶ್ನೆ ಕೇಳುವುದಿಲ್ಲ, ತಿಳಿದವನು ಕೇಳುತ್ತಾನೆ. 1962ರಲ್ಲಿ ಮಲಯಾಳದಲ್ಲಿ ವಿಜ್ಞಾನಸಾಹಿತ್ಯವನ್ನು ಬೆಳೆಸುವ ಸಲುವಾಗಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1970ರ ದಶಕದ ಕೊನೆಗೆ ಸೈಲೆಂಟ್ ವ್ಯಾಲಿಯ ವಿದ್ಯುತ್ ಯೋಜನೆಯನ್ನು ಲೆಕ್ಕಾಚಾರಗಳ ಸಮೇತ ಪ್ರಶ್ನಿಸಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಸ್ವಭಾಷೆಯಲ್ಲಿ ಪುಸ್ತಕ ಬರೆಯಲು ಹೊರಟವರು ಸರ್ಕಾರದ ಎದುರು ನಿಂತದ್ದು ಆಕಸ್ಮಿಕವಲ್ಲ. ನಮ್ಮಲ್ಲಿಯೂ ಹಾಗೆಯೇ ಆಯಿತು. ಕನ್ನಡಿಗರಿಗೆ ಪರಮಾಣುವಿನ ವಿಷಯವನ್ನು ಕನ್ನಡದಲ್ಲಿ ತಿಳಿಸಿಕೊಟ್ಟ ಕಾರಂತರೇ ತಮ್ಮ ಇಳಿವಯಸ್ಸಿನಲ್ಲಿ ಕೈಗಾದ ಪರಮಾಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಸೋತರು. ಅವರ ವಿರೋಧ ಸರಿಯೆ ತಪ್ಪೆ ಎಂಬ ಬಗ್ಗೆ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿದೆ. ಸ್ಥಾವರವೂ ಕೆಲಸ ಮಾಡುತ್ತಿದೆ. ಆದರೆ ಆ ಚುನಾವಣೆಯಲ್ಲಿ ವಿಜ್ಞಾನದ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಮತದಾರರ ಮುಂದಿಟ್ಟವರು ಯಾವ ಇಲಾಖೆಯಿಂದಲೂ ಸಂಬಳ ಪಡೆದವರಲ್ಲ.

ಇದನ್ನೇ ಹಿಡಿದು, ಪ್ರಸಾರವನ್ನು ವ್ಯಕ್ತಿಗೆ ಬಿಟ್ಟದ್ದೇ ಒಳ್ಳೆಯದಾಯಿತೆಂದು, ಐದನೆಯ ಉದ್ದೇಶದಲ್ಲಿರುವ ವಿದ್ಯಾಸ್ವಾತಂತ್ರ್ಯದ ಮಾತನ್ನು ತೋರಿಸಿ ಒಬ್ಬರು ವಾದಿಸಬಹುದು. ವಾದ ಬಲವಾದುದೇ. ಸರ್ ಸಿ. ವಿ. ರಾಮನ್ನರು ತಮ್ಮ ಸಂಶೋಧನ ಮಂದಿರಕ್ಕೆ ಸರ್ಕಾರದ ಹಣವನ್ನು ಬೇಡವೆಂದದ್ದೂ ಇಂಥ ಯೋಚನೆಯಿಂದಲೇ; ಅವರು 1970ರಲ್ಲಿ ತೀರಿಕೊಂಡ ಮೇಲೆ ಆ ಮಂದಿರವೂ ಸರ್ಕಾರದ ನೆರವನ್ನು ಪಡೆಯಬೇಕಾಯಿತು. ಎಲ್ಲರೂ ರಾಮನ್ನರಾಗುವುದಿಲ್ಲ, ಎಲ್ಲರೂ ಕಾರಂತರಾಗುವುದಿಲ್ಲ. ಹಣವನ್ನು ಕೊಟ್ಟು ಮಾತನ್ನು ಕಟ್ಟಿಹಾಕದಿರುವ ಸಂಸ್ಥೆ ನಮ್ಮ ದೇಶದಲ್ಲಿ ಇದ್ದರೆ ಅದು ವಿಶ್ವವಿದ್ಯಾನಿಲಯ, ಇರಬೇಕಾದುದೂ ಅಲ್ಲಿಯೇ. ಆದರೆ ವಿಶ್ವವಿದ್ಯಾನಿಲಯದ ಅಧ್ಯಾಪಕನ ಬಡ್ತಿಯ ಲೆಕ್ಕದಲ್ಲಿ ಕನ್ನಡದಲ್ಲಿ ಬರೆದ ವಿಜ್ಞಾನಲೇಖನಕ್ಕೆ ದೊರೆಯುವ ಅಂಕಗಳೆಷ್ಟು ಎಂಬುದನ್ನು ಈ ಪತ್ರಿಕೆಯ ವಾಚಕರು ನನಗಿಂತ ಚೆನ್ನಾಗಿ ಬಲ್ಲರು.

'ಕರ್ವಾಲೊ'ವನ್ನು ಕುರಿತು ನನ್ನ ಒಂದು ಅತೃಪ್ತಿಯನ್ನು ಮುಚ್ಚಿಡಲಾರೆ. ಮಂದಣ್ಣ ನೋಡುತ್ತಾನೆ, ಹೇಳುತ್ತಾನೆ, ದಾರಿ ತೋರಿಸುತ್ತಾನೆ. ಆದರೆ ಬರೆಯುವುದು ನಿರೂಪಕ, ಚಿತ್ರ ತೆಗೆಯುವುದು ಪ್ರಭಾಕರ, ಹೆಸರಿಡುವುದು ಕರ್ವಾಲೊ. ಓತಿ ಸಿಕ್ಕಿದ್ದರೆ ಪ್ರಬಂಧದಲ್ಲಿ ಮಂದಣ್ಣನ ಹೆಸರು ಎಲ್ಲಿರುತ್ತಿತ್ತು ಎಂಬ ಪ್ರಶ್ನೆಯನ್ನು ಕಾದಂಬರಿ ಕೇಳುವುದಿಲ್ಲ. ಓತಿಯನ್ನು ಹಾರಿಹೋಗಲು ಬಿಟ್ಟು ತೇಜಸ್ವಿಯವರು ಆ ಪ್ರಶ್ನೆಯಿಂದ ತಪ್ಪಿಸಿಕೊಂಡರೋ, ಅಥವಾ ಅದನ್ನು ನಮಗೇ ಬಿಟ್ಟರೋ, ನಾನು ಇನ್ನೂ ನಿರ್ಧರಿಸಲಾರದೆ ಇದ್ದೇನೆ.